ತುಪ್ಪ ತಪ್ಪಿದ ಊಟ: ಗನ್ನವರಂ ಕಡೆ ಉಣ್ಣಲು, ಬಡಿಸಲು ಹೊರಟವರಿಗೆ

ವಿಜಯವಾಡದ ಒಂದು ಮೆಸ್ಸಿನಲ್ಲಿ ಮೊದಲ ಸಲ ಎಲೆ ಮುಂದೆ ಕೂತಿದ್ದೆ. ಬಡಿಸುವ ಹುಡುಗ ಬಿಸಿ ಅನ್ನದ ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ‘ಚಾಲಾ?’ ಅಂದ. ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಚಾಲೂ ಅಂದರೆ ಶುರು. ಫ್ಯಾನ್ ಚಾಲೂ ಮಾಡು, ಗಾಡಿ ಚಾಲೂ ಆತು, ಹಾಗೆ. ಊಟ ಚಾಲೂ ಮಾಡೋಣವೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು ಜೋರಾಗಿ ತಲೆಯಾಡಿಸಿದೆ. ಅವನು ತುಪ್ಪದ ಮಿಳ್ಳೆ ಎತ್ತಿಕೊಂಡು ಮುಂದಿನ ಎಲೆಗೆ ನಡೆದುಬಿಟ್ಟ. ತೆಲುಗಿನಲ್ಲಿ ಚಾಲು ಅಂದರೆ ಸಾಕು.

ಆಮೇಲೆ ಆ ಕಡೆ ಹಲವು ಸಲ ಹೋದೆ. ಒಂದು ಊರನ್ನು ಅರಿಯಲು ಅದರ ಹೋಟೆಲುಗಳಲ್ಲಿ ಉಂಡರೆ ಅರ್ಧ ಕೆಲಸ ಆದಂತೆ, ಉಳಿದರ್ಧ ಆಗುವುದು ಎಲೆಯ ಆಚೆ ಬದಿಗೆ ನಿಂತು ಬಡಿಸಿದಾಗ ಎಂಬುದು ನನ್ನ ಅನುಭವ. ವಾರಾಂತ್ಯಕ್ಕೆ ಹೋಗಿಬರುವವರಿಗೂ ಕೆಲಸದ ವರ್ಗಾವಣೆಯಾಗಿ ವರ್ಷಗಟ್ಟಲೆ ಅಲ್ಲಿ ಉಳಿಯುವವರಿಗೂ ಈ ಎರಡೂ ಕೆಲಸಕ್ಕೆ ಬೇಕಾದ ಒಂದಿಷ್ಟು ಮಾಹಿತಿ ಇಲ್ಲಿದೆ.

ಮೊದಲು ದಾರಿ. ವಿಜಯವಾಡದ ವಿಮಾನ ನಿಲ್ದಾಣ ಇರುವುದು ನಗರದಿಂದ ಸುಮಾರು 20 ಕಿ.ಮೀ. ದೂರದ ಗನ್ನವರಂನಲ್ಲಿ, 16ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ. ರೈಲಿನವರಿಗೆ ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಇದೆ, ಯಶವಂತಪುರದಿಂದ ಮಚಲಿಪಟ್ಟಣಕ್ಕೆ ಹೋಗುವ ಕೊಂಡವೀಡು ಎಕ್ಸ್‌ಪ್ರೆಸ್ ಇದೆ. ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ವಿಜಯವಾಡ, ವಿಶಾಖಪಟ್ಟಣ ಎರಡನ್ನೂ ಮುಟ್ಟುತ್ತದೆ. ಎರಡು ಊರಿನ ನಡುವೆ ಸುಮಾರು 350 ಕಿ.ಮೀ. ಇರುವುದರಿಂದ ಒಂದೇ ಶನಿವಾರ-ಭಾನುವಾರದಲ್ಲಿ ಎರಡನ್ನೂ ಮುಗಿಸುವ ಹುಮ್ಮಸ್ಸು ಬೇಡ. ಹೆಣ್ಣುಮಕ್ಕಳಿಗೆ ಒಂದು ಮಾತು: ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಇದೆ. ಆದರೆ ಅದು ಅಲ್ಲಿಯ ನಿವಾಸಿಗಳಿಗೆ. ನಮ್ಮ ‘ಶಕ್ತಿ’ ಯೋಜನೆಗೆ ತೋರಿಸುವ ಕಾರ್ಡು ಅಲ್ಲಿ ನಡೆಯುವುದಿಲ್ಲ, ಟಿಕೆಟ್ ತೆಗೆಸಲೇಬೇಕು.

ಎಲೆಯ ಮುಂದೆ

ಆಂಧ್ರದ ಊಟಕ್ಕೆ ಒಂದು ಕ್ರಮವಿದೆ. ಅದು ಗೊತ್ತಿಲ್ಲದೆ ಕೂತರೆ ಹೊಟ್ಟೆ ತುಂಬುತ್ತದೆ, ಊಟ ಮಾತ್ರ ಆಗಿರುವುದಿಲ್ಲ. ನಮ್ಮ ಹಬ್ಬದೂಟದಲ್ಲಿ ಕೋಸಂಬರಿ, ಪಲ್ಯ ಮೊದಲು ಎಲೆಗೆ ಬೀಳುತ್ತವೆ. ಅಲ್ಲಿ ಮೊದಲ ತುತ್ತು ಬಿಸಿ ಅನ್ನ, ಪುಡಿ ಮತ್ತು ತುಪ್ಪದ್ದು. ಮೇಜಿನ ಮೇಲೆ ಡಬ್ಬಿಯಲ್ಲಿ ‘ಕಂದಿಪೊಡಿ’ ಇರುತ್ತದೆ, ಅಂದರೆ ತೊಗರಿಬೇಳೆ ಹುರಿದು ಮೆಣಸಿನಕಾಯಿ ಜೊತೆ ಕುಟ್ಟಿದ್ದು. ಎರಡನೆಯದು ‘ಪಪ್ಪು’, ಗಟ್ಟಿ ತೊವ್ವೆ. ಅದರ ಬಗಲಿಗೆ ಆವಕಾಯ ಉಪ್ಪಿನಕಾಯಿ. ಆಮೇಲೆ ‘ಕೂರ’, ‘ವೇಪುಡು’ ಎಂಬ ಪಲ್ಯಗಳು. ನಂತರ ಹುಣಸೆಹಣ್ಣಿನ ‘ಪುಲುಸು’ ಅಥವಾ ಸಾಂಬಾರು, ಅದಾದ ಮೇಲೆ ತೆಳ್ಳನೆ ‘ಚಾರು’, ಕೊನೆಗೆ ಗಟ್ಟಿ ಮೊಸರು. ಪ್ರತಿ ಸುತ್ತಿಗೂ ಅನ್ನ ಬೇರೆ ಹಾಕಿಸಿಕೊಳ್ಳಬೇಕು. ಮೊದಲ ಸುತ್ತಿಗೇ ಗುಡ್ಡ ಕಟ್ಟಿಸಿಕೊಂಡವರು ಚಾರು ಬರುವ ಹೊತ್ತಿಗೆ ಏದುಸಿರು ಬಿಡುತ್ತಿರುತ್ತಾರೆ.

ಕನ್ನಡಿಗರಿಗೆ ಪದಗಳು ನೆಂಟರಂತೆ ಕಾಣುತ್ತವೆ, ಆದರೆ ಎಲ್ಲ ನೆಂಟರನ್ನೂ ನಂಬುವಂತಿಲ್ಲ. ನಮ್ಮ ಪಚಡಿ ಮೊಸರು ಬೆರೆಸಿದ ತಣ್ಣನೆ ಪದಾರ್ಥ, ಅವರ ‘ಪಚ್ಚಡಿ’ ಕಿವಿಯಲ್ಲಿ ಹೊಗೆ ಬರಿಸುವ ಚಟ್ನಿ. ನಮಗೆ ತಿಂಡಿ ಅಂದರೆ ಬೆಳಗಿನ ಉಪಾಹಾರ. ಅಲ್ಲಿ ‘ತಿಂಡಿ’ ಅಂದರೆ ಒಟ್ಟಾರೆ ಆಹಾರ, ಬೆಳಗಿನದಕ್ಕೆ ‘ಟಿಫಿನ್’ ಎಂದೇ ಕೇಳಬೇಕು. ‘ಕಾರಂ’ ಅಂದರೆ ಖಾರದ ರುಚಿಯೂ ಹೌದು, ಮೆಣಸಿನಪುಡಿಯೂ ಹೌದು. ಬೇಡ ಅನ್ನಲು ‘ವದ್ದು’ ಅನ್ನುತ್ತಾರೆ. ನಮ್ಮ ಕಿವಿಗೆ ಅದು ಯಾರಿಗೋ ಒದ್ದಂತೆ ಕೇಳಿಸುತ್ತದೆ, ಗಾಬರಿ ಬೇಡ. ನಾವು ‘ರೀ’ ಹಚ್ಚುವಂತೆ ಅವರು ‘ಅಂಡಿ’ ಹಚ್ಚುತ್ತಾರೆ. ‘ಚಾಲಂಡಿ’, ‘ವದ್ದಂಡಿ’, ‘ಕೊಂಚೆಂ ವೇಯಂಡಿ’ (ಸ್ವಲ್ಪ ಹಾಕ್ರಿ) ಈ ಮೂರು ಬಾಯಿಗೆ ಬಂದರೆ ಊಟದ ಮಟ್ಟಿಗೆ ತೆಲುಗು ಬಂದಂತೆಯೇ. ಬೋರ್ಡುಗಳ ವಿಷಯದಲ್ಲಿ ನಮ್ಮದು ಅದೃಷ್ಟ. ಲಿಪಿಗಳು ಅಕ್ಕತಂಗಿಯರು, ತಲೆಕಟ್ಟಿನ ಒಂದು ಗೀಟು ಬೇರೆ ಅನ್ನುವುದನ್ನು ಬಿಟ್ಟರೆ ಎರಡು ದಿನದಲ್ಲಿ ಹೋಟೆಲಿನ ಹೆಸರು, ಬೆಲೆಪಟ್ಟಿ ಕಣ್ಣಿಗೆ ಹೊಂದಿಕೊಳ್ಳುತ್ತವೆ.

ಖಾರದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರಿಗೆ ಕೆಂಪು ಬಣ್ಣ ಕಂಡರೆ ಹೆದರಿಕೆ ಇರುವುದಿಲ್ಲ, ಯಾಕೆಂದರೆ ಬ್ಯಾಡಗಿ ಕೊಡುವುದು ಹೆಚ್ಚಾಗಿ ಬಣ್ಣ. ವಿಜಯವಾಡದಿಂದ ಮೂವತ್ತು-ಮೂವತ್ತೈದು ಕಿ.ಮೀ. ದೂರದಲ್ಲಿ ಗುಂಟೂರು ಇದೆ. ಅಲ್ಲಿಯ ಸಣ್ಣಂ ಮೆಣಸಿನಕಾಯಿಯ ಕೆಂಪು ಹೇಳಿದ್ದನ್ನು ಮಾಡಿ ತೋರಿಸುತ್ತದೆ. ನೀರು ಕುಡಿದರೆ ಉರಿ ಹರಡುತ್ತದೆ, ತಪ್ಪಿದ ಸರದಿಯಾದರೂ ಸರಿ, ಒಂದು ತುತ್ತು ಮೊಸರನ್ನ ಮೊದಲೇ ಹಾಕಿಸಿಕೊಳ್ಳಿ.

ಎಲ್ಲಿ, ಏನು

ಬೆಳಿಗ್ಗೆ ಮೊದಲು ವಿಜಯವಾಡದ ಗಾಂಧಿನಗರ. ಅಲ್ಲಿಯ ಬಾಬಾಯ್ ಹೋಟೆಲ್ 1940ರ ದಶಕದಿಂದ ಇರುವುದು. ‘ಬಾಬಾಯಿ’ ಅಂದರೆ ಚಿಕ್ಕಪ್ಪ. ಹತ್ತಿಯಂಥ ಇಡ್ಲಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಶುಂಠಿಯ ‘ಅಲ್ಲಂ ಪಚ್ಚಡಿ’, ಪುಡಿ. ದಾವಣಗೆರೆಯವರು ದೋಸೆಗೆ ಮಾಡಿದ್ದನ್ನು ಇವರು ಇಡ್ಲಿಗೆ ಮಾಡಿದ್ದಾರೆ ಎಂದರೆ ಎರಡೂ ಕಡೆಯವರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ಬೇಗ ಹೋಗಿ. ತಡವಾದಷ್ಟೂ ಕೂರಲು ಜಾಗ ಕಷ್ಟ.

ಪೆಸರಟ್ಟು ಎಲ್ಲ ಕಡೆ ಸಿಗುತ್ತದೆ. ಸಿಪ್ಪೆ ಸಮೇತ ಹೆಸರುಕಾಳು ನೆನೆಸಿ, ಹಸಿಮೆಣಸಿನಕಾಯಿ, ಶುಂಠಿ ಹಾಕಿ ರುಬ್ಬಿ, ಹುಳಿ ಬರಿಸದೆ ಹುಯ್ಯುವ ದೋಸೆ. ಹೊಟ್ಟೆಯೊಳಗೆ ಉಪ್ಪಿಟ್ಟು ತುಂಬಿದರೆ ಅದು ‘ಎಮ್ಮೆಲ್ಯೆ ಪೆಸರಟ್ಟು’. ಹೈದರಾಬಾದಿನ ಶಾಸಕರ ವಸತಿಗೃಹದ ಕ್ಯಾಂಟೀನಿನಲ್ಲಿ ಹುಟ್ಟಿದ್ದು ಎಂದು ಕತೆ ಹೇಳುತ್ತಾರೆ. ಉಪ್ಪಿಟ್ಟನ್ನು ದ್ವೇಷಿಸುವ ನಮ್ಮ ಜನ ಕೂಡ ಇದನ್ನು ಸುಮ್ಮನೆ ತಿನ್ನುವುದನ್ನು ನೋಡಿದ್ದೇನೆ.

ಮಧ್ಯಾಹ್ನದ ಊಟಕ್ಕೆ ದೊಡ್ಡ ಹೆಸರು ‘ಸುಬ್ಬಯ್ಯ ಗಾರಿ ಹೋಟೆಲ್’. ಮೂಲ ಕಾಕಿನಾಡ, ಈಗ ವಿಜಯವಾಡ, ವಿಶಾಖಪಟ್ಟಣಗಳಲ್ಲೂ ಆ ಹೆಸರಿನ ಶಾಖೆಗಳಿವೆ. ಬಾಳೆಲೆ ತುಂಬ ಬಡಿಸುತ್ತಾರೆ. ಬುಟ್ಟಿಯಲ್ಲಿ ಕಟ್ಟಿಕೊಡುವ ‘ಬುಟ್ಟ ಭೋಜನ’ ಇಬ್ಬರು ಮೂವರಿಗೆ ಸಾಕಾಗುವಷ್ಟಿರುತ್ತದೆ. ಆದರೆ ನನ್ನ ಓಟು ಹೆಸರಿಲ್ಲದ ಮೆಸ್ಸುಗಳಿಗೆ. ನಮ್ಮ ಖಾನಾವಳಿಗಳಂತೆ ಮನೆಯ ಮುಂಭಾಗದಲ್ಲಿ ನಾಲ್ಕು ಮೇಜು ಹಾಕಿಕೊಂಡು, ಆ ದಿನ ಸಂತೆಯಲ್ಲಿ ಸಿಕ್ಕಿದ ತರಕಾರಿಯ ಮೇಲೆ ಊಟ ನಡೆಸುವವರು. ಬದನೆಯ ‘ಗುತ್ತಿ ವಂಕಾಯ’ ತಿಂದರೆ ನಮ್ಮ ಎಣ್ಣೆಗಾಯಿಯ ಸೋದರಮಾವನ ಮನೆಗೆ ಬಂದಂತಾಗುತ್ತದೆ. ‘ಗೊಂಗೂರ’ ಅಂದರೆ ನಮ್ಮ ಪುಂಡಿಪಲ್ಯೆಯ ಸೊಪ್ಪೇ. ನಾವು ಅದನ್ನು ನುಚ್ಚು, ಬೇಳೆ ಹಾಕಿ ಕುದಿಸಿ ಸಾಧುವಾಗಿಸಿದ್ದೇವೆ, ಅವರು ಎಣ್ಣೆ ಮೆಣಸಿನಕಾಯಿ ಕೊಟ್ಟು ಹುರಿಯಾಳಾಗಿ ಬೆಳೆಸಿದ್ದಾರೆ. ಕೃಷ್ಣಾ ಜಿಲ್ಲೆಯ ಹೆಮ್ಮೆ ‘ಉಲವಚಾರು’. ಎತ್ತಿಗೆಂದು ಬೇಯಿಸಿದ ಹುರಳಿಯ ಕಟ್ಟನ್ನು ಬಹಳ ಹೊತ್ತು ಬತ್ತಿಸಿ ಮಾಡಿದ ಸಾರು. ಹುರಳಿಕಟ್ಟು ನಮಗೆ ಹೊಸದಲ್ಲ, ಆದರೆ ಅದರ ಮೇಲೆ ಕೆನೆ ಹಾಕಿಕೊಂಡು ಅನ್ನ ಕಲಸುವುದು ಹೊಸದು.

ಅಲ್ಲಿ ಉಳಿಯಲು ಬಂದವರು ತಿಳಿದಿರಬೇಕಾದ ಇನ್ನೊಂದು ಅಂಗಡಿ ‘ಕರ್ರಿ ಪಾಯಿಂಟ್’. ಸಂಜೆಯಾದರೆ ಬೀದಿಗೊಂದು ತೆರೆದಿರುತ್ತದೆ. ಕೂತು ತಿನ್ನುವ ವ್ಯವಸ್ಥೆ ಇಲ್ಲ. ಪಪ್ಪು, ವೇಪುಡು, ಸಾಂಬಾರು, ಪಚ್ಚಡಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಮನೆಯಲ್ಲಿ ಅನ್ನ ಒಂದು ಮಾಡಿಕೊಂಡರೆ ಆಯಿತು. ಒಂಟಿಯಾಗಿರುವ ನೌಕರರು, ವಿದ್ಯಾರ್ಥಿಗಳು, ಅಡುಗೆಗೆ ಬೇಜಾರಾದ ಸಂಸಾರಸ್ಥರು ಎಲ್ಲರೂ ಅದರ ಗಿರಾಕಿಗಳು. ಒಂದು ವಾರ ಒಂದೇ ಅಂಗಡಿಗೆ ಹೋದರೆ ಅಕ್ಕಪಕ್ಕದವರ ಪರಿಚಯ ತಾನಾಗಿ ಆಗುತ್ತದೆ. ಬಾಡಿಗೆ ಮನೆ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಬೀದಿ ತಿನಿಸಿನಲ್ಲಿ ಪುನುಗುಲು: ಇಡ್ಲಿ-ದೋಸೆ ಹಿಟ್ಟಿನ ಪುಟ್ಟ ಬೋಂಡ, ನಮ್ಮ ಪಡ್ಡು ಗುಳಿ ಬಿಟ್ಟು ಎಣ್ಣೆಗೆ ಬಿದ್ದಂತೆ. ರಾತ್ರಿಯ ಹೊತ್ತಿಗೆ ಇಂದಿರಾ ಗಾಂಧಿ ಕ್ರೀಡಾಂಗಣದ ಬಳಿಯ ಫುಡ್ ಕೋರ್ಟ್ ರಸ್ತೆ. ಅಲ್ಲಿ ಎಲ್ಲವೂ ಇದೆ, ಅದೇ ಅದರ ತೊಂದರೆಯೂ ಹೌದು. ನೂಡಲ್ಸ್ ತಿನ್ನಲು ಇಷ್ಟು ದೂರ ಬರಬೇಕಿರಲಿಲ್ಲ.

ಕಟ್ಟಿಸಿಕೊಂಡು ತರುವುದಕ್ಕೆ ಬಂದರು ಲಡ್ಡು (ಬಂದರು ಅಂದರೆ ಮಚಲಿಪಟ್ಟಣ), ತಾಪೇಶ್ವರದ ಕಾಜಾ, ಮತ್ತು ಎಲ್ಲಕ್ಕಿಂತ ಮೇಲೆ ಆತ್ರೇಯಪುರದ ಪೂತರೇಕುಲು. ಬೋರಲು ಹಾಕಿದ ಬಿಸಿ ಗಡಿಗೆಯ ಮೇಲೆ ನೀರಾದ ಅಕ್ಕಿಹಿಟ್ಟಿನಲ್ಲಿ ಅದ್ದಿದ ಬಟ್ಟೆ ಎಳೆದರೆ ಕಾಗದಕ್ಕಿಂತ ತೆಳುವಾದ ಹಾಳೆ ಏಳುತ್ತದೆ. ಅದಕ್ಕೆ ತುಪ್ಪ ಸವರಿ, ಸಕ್ಕರೆ ಅಥವಾ ಬೆಲ್ಲದ ಪುಡಿ ಉದುರಿಸಿ ಮಡಚುತ್ತಾರೆ. ಬೆಳಗಾವಿಯವರು ಗಡಿಗೆಯ ಬೆನ್ನ ಮೇಲೆ ಮಂಡಿಗೆ ಬೇಯಿಸುವುದನ್ನು ಕಂಡವರಿಗೆ ಈ ಕೈಚಳಕ ಗುರುತು ಸಿಗುತ್ತದೆ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಚೀಲದಲ್ಲಿ ತಳಕ್ಕೆ ಇಡಬೇಡಿ. ಊರಿಗೆ ಬರುವಷ್ಟರಲ್ಲಿ ಪುಡಿಯಾಗಿರುತ್ತದೆ.

ಬಿಲ್ಲಿನ ಬಗ್ಗೆ ಎರಡೇ ಮಾತು. ‘ಸರ್ವಿಸ್ ಚಾರ್ಜ್’ ಕಡ್ಡಾಯವಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಆ ಸೂಚನೆಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಸಿ ಎಂದು ಕೇಳಬಹುದು. ಕೊಡಬೇಕೆನಿಸಿದ್ದನ್ನು ಬಡಿಸಿದವನ ಕೈಗೇ ಕೊಡಿ.

ಹೋಟೆಲಿನ ಲೆಕ್ಕದಿಂದ ಸ್ವಲ್ಪ ಆಚೆ ಹೋಗಲು ಪುರುಸೊತ್ತಿದ್ದರೆ ಕೃಷ್ಣಾ ಜಿಲ್ಲೆಯ ಶ್ರೀಕಾಕುಳ ಗ್ರಾಮಕ್ಕೆ ಹೋಗಿಬನ್ನಿ. ವಿಶಾಖಪಟ್ಟಣದ ಆಚೆ ಇರುವ ಜಿಲ್ಲಾ ಕೇಂದ್ರವಲ್ಲ, ಘಂಟಸಾಲ ಮಂಡಲದಲ್ಲಿ, ನದಿ ದಂಡೆಯಲ್ಲಿರುವ ಆಂಧ್ರವಿಷ್ಣುವಿನ ಊರು. ಕಳಿಂಗದ ದಂಡಯಾತ್ರೆಯ ನಡುವೆ ನಮ್ಮ ಕೃಷ್ಣದೇವರಾಯ ಇಲ್ಲಿ ತಂಗಿದ್ದಾಗ ದೇವರು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆ ಎಂದನಂತೆ. ಹಾಗೆ ಬಂದದ್ದು ‘ಆಮುಕ್ತಮಾಲ್ಯದ’. ಅದರಲ್ಲಿ ವಿಷ್ಣುಚಿತ್ತ ಅತಿಥಿಗಳಿಗೆ ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಬೇರೆ ಬೇರೆ ಅಡುಗೆ ಮಾಡಿಸಿ ಬಡಿಸುವ ವರ್ಣನೆ ಇದೆ. ಹಂಪಿಯಲ್ಲಿ ಕೂತು ಆಳಿದ ದೊರೆ ಯುದ್ಧಕ್ಕೆ ಕೊಟ್ಟಷ್ಟೇ ಗಮನವನ್ನು ಅತಿಥಿಯ ಎಲೆಗೂ ಕೊಟ್ಟಿದ್ದ.

ವಿಶಾಖಪಟ್ಟಣದಲ್ಲಿ ರುಚಿ ಬದಲಾಗುತ್ತದೆ, ಸಮುದ್ರ ಎದುರಿಗೇ ಇದೆ. ದಸಪಲ್ಲಾ ಹೋಟೆಲಿನ ‘ಧರಣಿ’ ಆಂಧ್ರ ಊಟಕ್ಕೆ ಹಳೆಯ ಹೆಸರು. ಮೀನು, ಸೀಗಡಿ ತಿನ್ನುವವರಿಗೆ ಆಯ್ಕೆ ಧಾರಾಳ. ಸಂಜೆ ಆರ್.ಕೆ. ಬೀಚಿನಲ್ಲಿ ‘ಮುರಿ ಮಿಕ್ಸ್ಚರ್’ ತಿನ್ನಿ. ಮುರಿ ಅಂದರೆ ಚುರಮುರಿ. ಹುಬ್ಬಳ್ಳಿಯ ಗಿರ್ಮಿಟ್‌ನ ಸಮುದ್ರದ ಕಡೆಯ ಬಳಗ. ಮಾಡುಗುಲದ ಹಲ್ವಾ ಗೋಧಿ ನೆನೆಸಿ ರುಬ್ಬಿ ತೆಗೆದ ಹಾಲಿನಿಂದ ಮಾಡಿದ್ದು, ಬಾಯಿಗೆ ಅಂಟುತ್ತದೆ, ನೆನಪಿಗೂ. ಅರಕು ಕಣಿವೆಯ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಗಿರಿಜನರಿಂದಲೇ ಕೊಂಡು ಮಾರುವ ಗಿರಿಜನ ಸಹಕಾರ ನಿಗಮದ (1956ರಲ್ಲಿ ಹುಟ್ಟಿದ್ದು, ಮುಖ್ಯ ಕಚೇರಿ ವಿಶಾಖಪಟ್ಟಣದಲ್ಲೇ) ಮಳಿಗೆಯಲ್ಲಿ ಪುಡಿ, ಜೇನು ಸಿಗುತ್ತವೆ. ಚಿಕ್ಕಮಗಳೂರಿನವರು ಮೂಗು ಮುರಿಯುವ ಮೊದಲು ಒಂದು ಲೋಟ ಕುಡಿದು ನೋಡಲಿ.

ವಾಲಂಟೀರ್ ಅನ್ನಬೇಡಿ

ಈಗ ಎಲೆಯ ಆಚೆ ಬದಿ. ಮೊದಲ ಪಾಠ ಒಂದು ಪದದ ಬಗ್ಗೆ. ಆಂಧ್ರದಲ್ಲಿ ಹೋಗಿ ‘ನಾನು ವಾಲಂಟೀರ್ ಆಗಬೇಕು’ ಅಂದರೆ ಜನ ಒಂದು ನಮೂನೆ ನೋಡುತ್ತಾರೆ. 2019ರ ಆಗಸ್ಟ್‌ನಲ್ಲಿ ಅಲ್ಲಿಯ ಸರ್ಕಾರ ಸುಮಾರು 50 ಮನೆಗಳಿಗೆ ಒಬ್ಬರಂತೆ ಗ್ರಾಮ, ವಾರ್ಡ್ ವಾಲಂಟೀರ್‌ಗಳನ್ನು ನೇಮಿಸಿತು. ತಿಂಗಳಿಗೆ 5,000 ರೂಪಾಯಿ ಗೌರವಧನ. ಮನೆ ಬಾಗಿಲಿಗೆ ಪಿಂಚಣಿ ತಂದುಕೊಟ್ಟವರು ಅವರೇ, 2024ರ ಚುನಾವಣೆಯಲ್ಲಿ ದೊಡ್ಡ ಜಗಳದ ವಸ್ತುವಾದವರೂ ಅವರೇ. ಸರ್ಕಾರ ಬದಲಾದ ಮೇಲೆ ಆ ವ್ಯವಸ್ಥೆ ನಿಂತುಹೋಯಿತು, ಪದಕ್ಕೆ ಅಂಟಿದ ರಾಜಕೀಯ ಹೋಗಿಲ್ಲ. ಹಾಗಾಗಿ ‘ಸೇವ ಚೇಸ್ತಾನಂಡಿ’ ಅನ್ನಿ. ಎಲ್ಲ ಬಾಗಿಲೂ ತೆರೆಯುತ್ತವೆ. ಹಾಗೆಯೇ ಬೋರ್ಡಿನಲ್ಲಿ ‘ಸ್ವಚ್ಛಂದ ಸಂಸ್ಥ’ ಎಂದು ಕಂಡರೆ ನಗಬೇಡಿ. ಸ್ವಯಂಸೇವಾ ಸಂಸ್ಥೆಗೆ ತೆಲುಗಿನಲ್ಲಿ ಹಾಗೆ ಹೇಳುತ್ತಾರೆ.

ಎಲ್ಲಕ್ಕಿಂತ ಸುಲಭದ ಆರಂಭ ‘ಚಲಿವೇಂದ್ರಂ’, ಅಂದರೆ ನಮ್ಮ ಅರವಟ್ಟಿಗೆ. ಬೇಸಿಗೆಯಲ್ಲಿ ವಿಜಯವಾಡ ಎಷ್ಟು ಕಾಯುತ್ತದೆ ಎಂದರೆ ಇಂಗ್ಲಿಷ್ ಬಲ್ಲವರು ಅದನ್ನು ‘ಬ್ಲೇಜ್‌ವಾಡ’ ಎಂದು ತಮಾಷೆ ಮಾಡುತ್ತಾರೆ. ಮಾರ್ಚ್ ಮುಗಿಯುವ ಹೊತ್ತಿಗೆ ವೃತ್ತಗಳಲ್ಲಿ, ಬಸ್ ನಿಲ್ದಾಣದ ಬಳಿ ಚಪ್ಪರ ಏಳುತ್ತವೆ, ಮಣ್ಣಿನ ಗಡಿಗೆ, ಕೆಲವೆಡೆ ಮಜ್ಜಿಗೆ. ವ್ಯಾಪಾರಿ ಸಂಘಗಳು, ಅಪಾರ್ಟ್‌ಮೆಂಟಿನವರು, ಅಭಿಮಾನಿ ಬಳಗಗಳು ನಡೆಸುತ್ತವೆ. ಉದ್ಘಾಟನೆಗೆ ನೂರು ಜನ ಬರುತ್ತಾರೆ. ಹದಿನೈದನೇ ದಿನ ಮಧ್ಯಾಹ್ನ ಎರಡಕ್ಕೆ ನೀರು ತುಂಬಲು ಜನ ಸಿಗುವುದಿಲ್ಲ. ಆ ಹೊತ್ತಿಗೆ ಹೋಗಿ ನಿಮ್ಮ ಹೆಸರು ಬರೆಸಿ. ಗಡಿಗೆ ದಿನಾ ತೊಳೆಯಬೇಕು, ಲೋಟ ನೀರಿನೊಳಗೆ ಅದ್ದದೆ ಉದ್ದ ಹಿಡಿಯ ಸೌಟಿನಿಂದ ಹಾಕಬೇಕು. ಅಷ್ಟೇ ಅಲ್ಲಿಯ ವಿದ್ಯೆ.

ಇನ್ನು ಅನ್ನದ ಕೆಲಸ. ಇಲ್ಲಿ ಇನ್ನೊಂದು ಗನ್ನವರಂ ಬರುತ್ತದೆ. ಗೋದಾವರಿ ಕವಲುಗಳ ನಡುವಿನ ಕೋನಸೀಮೆಯಲ್ಲಿ ಪಿ. ಗನ್ನವರಂ ಎಂಬ ಊರಿದೆ, ಹಳೆಯ ಹೆಸರು ಲಂಕಲ ಗನ್ನವರಂ. ಅಲ್ಲಿ ಡೊಕ್ಕಾ ಸೀತಮ್ಮ ಎಂಬ ಗೃಹಿಣಿ ಇದ್ದರು. ಹುಟ್ಟಿದ್ದು 1841ರಲ್ಲಿ, ತೀರಿಕೊಂಡದ್ದು 1909ರಲ್ಲಿ. ಹೊಳೆ ದಾಟಿ ಬರುವ ದಾರಿಹೋಕರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ, ಬಡಿಸುತ್ತಲೇ ಬಾಳಿದರು. ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಉತ್ಸವಕ್ಕೆ ಕರೆ ಬಂದಾಗ ಹೋಗಲಿಲ್ಲ, ಅವರ ಭಾವಚಿತ್ರ ಮಾತ್ರ ಹೋಯಿತು ಎಂದು ಜನ ಇಂದಿಗೂ ಹೇಳುತ್ತಾರೆ. ಅಲ್ಲಿಯ ಹೊಸ ಮೇಲ್ಗಾಲುವೆಗೆ ಅವರ ಹೆಸರಿದೆ. 2024ರಲ್ಲಿ ಆಂಧ್ರ ಸರ್ಕಾರ ಶಾಲೆಗಳ ಬಿಸಿಯೂಟ ಯೋಜನೆಗೂ ಅವರ ಹೆಸರಿಟ್ಟಿತು. 2025ರ ಜನವರಿಯಲ್ಲಿ ಸರ್ಕಾರಿ ಜೂನಿಯರ್ ಕಾಲೇಜುಗಳಿಗೂ ಅದನ್ನು ವಿಸ್ತರಿಸಿದ್ದು ವಿಜಯವಾಡದ ಪಾಯಕಾಪುರದಿಂದ. ನಮ್ಮ ಕಡೆ ಇದನ್ನೇ ದಾಸೋಹ ಅನ್ನುತ್ತೇವೆ, ಮಠಗಳ ಜೊತೆ ಸೇರಿಸಿ ನೆನೆಯುತ್ತೇವೆ. ಅಲ್ಲಿ ಅದು ಒಬ್ಬ ಹೆಣ್ಣುಮಗಳ ಅಡುಗೆಮನೆಯ ಜೊತೆ ನೆನಪಾಗುತ್ತದೆ. ಈ ವ್ಯತ್ಯಾಸ ನನಗೆ ಬಹಳ ಹಿಡಿಸಿತು.

ಇಂದಿನ ಸರ್ಕಾರಿ ರೂಪ ‘ಅನ್ನ ಕ್ಯಾಂಟೀನ್’. ಬೆಂಗಳೂರಿನ ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ ಶುರುವಾದರೆ ಇದು 2018ರ ಜುಲೈನಲ್ಲಿ ಶುರುವಾಯಿತು. 2019ರಲ್ಲಿ ಮುಚ್ಚಿ, 2024ರ ಆಗಸ್ಟ್ 15ರಂದು ಗುಡಿವಾಡದಲ್ಲಿ ಮತ್ತೆ ತೆರೆಯಿತು. ಮೂರೂ ಹೊತ್ತು, ಹೊತ್ತಿಗೆ 5 ರೂಪಾಯಿ. ಮೊದಲ ಸುತ್ತಿನಲ್ಲಿ ಅಡುಗೆ ಮಾಡಿ ಒದಗಿಸಿದ್ದು ನಮ್ಮ ಬೆಂಗಳೂರಿನಲ್ಲಿ 2000ದಲ್ಲಿ ಐದು ಶಾಲೆಗಳಿಗೆ ಊಟ ಕೊಡುವುದರಿಂದ ಆರಂಭವಾದ ಅಕ್ಷಯಪಾತ್ರ. ‘ಅನ್ನ’ ಅಂದರೆ ಅಲ್ಲಿ ಅಣ್ಣನೂ ಹೌದು, ಎನ್.ಟಿ. ರಾಮರಾವ್ ಅವರನ್ನು ಅಭಿಮಾನಿಗಳು ಹಾಗೆಯೇ ಕರೆಯುತ್ತಿದ್ದರು. ಹುಟ್ಟುಹಬ್ಬ, ಮದುವೆಯ ದಿನಗಳಂದು ಒಂದು ದಿನದ ಊಟದ ಖರ್ಚು ಕೊಡಿ ಎಂದು ಸರ್ಕಾರವೇ ದಾನಿಗಳನ್ನು ಕರೆದಿದೆ. ರುಚಿ ನೋಡಲು ಹೋಗುವುದಾದರೆ ಹೋಗಿ, ಆದರೆ ಮಧ್ಯಾಹ್ನ ಹನ್ನೆರಡೂವರೆಯ ಸಾಲಿನಲ್ಲಿ ಆಟೋದವರು, ಗಾರೆಯವರು ನಿಂತಿರುತ್ತಾರೆ, ಅವರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವುದು ಬೇಡ.

ಮದುವೆ ಛತ್ರ, ಹೋಟೆಲುಗಳಲ್ಲಿ ಉಳಿದ ಊಟ ಹಸಿದವರಿಗೆ ಮುಟ್ಟಿಸುವ ಕೆಲಸ ಹೋಟೆಲು ಮತ್ತು ಸೇವೆ ಎರಡೂ ಸೇರುವ ಜಾಗ. 2014ರಲ್ಲಿ ದೆಹಲಿಯಲ್ಲಿ ಹುಟ್ಟಿ ಅನೇಕ ನಗರಗಳಿಗೆ ಹರಡಿದ ರಾಬಿನ್ ಹುಡ್ ಆರ್ಮಿಯ ರೀತಿ ಇದಕ್ಕೆ ಮಾದರಿ. ದುಡ್ಡು ಮುಟ್ಟುವುದಿಲ್ಲ, ಊಟ ಮತ್ತು ಸಮಯ ಮಾತ್ರ. ಆದರೆ ಇದರಲ್ಲಿ ಒಳ್ಳೆಯ ಮನಸ್ಸಿಗಿಂತ ಗಡಿಯಾರ ಮುಖ್ಯ. ಬೇಯಿಸಿದ ಊಟ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕೂತಷ್ಟೂ ಕೆಡುತ್ತದೆ, ಆಂಧ್ರದ ಸೆಕೆಯಲ್ಲಿ ಇನ್ನೂ ಬೇಗ. ಅಡುಗೆ ಎಷ್ಟು ಹೊತ್ತಿಗೆ ಆಯಿತು ಎಂದು ಮೊದಲು ಕೇಳಿ. ಎಲೆಗೆ ಬಡಿಸಿ ಉಳಿದದ್ದು ಬೇಡ, ಪಾತ್ರೆಯಲ್ಲೇ ಉಳಿದದ್ದು ಮಾತ್ರ. ಮೊಸರನ್ನ, ತೆಂಗಿನಕಾಯಿ ಚಟ್ನಿ, ಮೀನು ನಂಬಬೇಡಿ. ಪುಳಿಹೋರ, ಒಣ ಪಲ್ಯ ತಡೆಯುತ್ತವೆ. ಉಳಿದ ಆಹಾರ ಹಂಚಿಕೆಗೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿದೆ. ನೀವು ಸೇರುವ ತಂಡಕ್ಕೆ ಅದು ಗೊತ್ತಿದೆಯೇ ಎಂದು ವಿಚಾರಿಸುವುದು ಅಧಿಕಪ್ರಸಂಗವಲ್ಲ. ನಾನು ಒಮ್ಮೆ ಹೆಸರು ಬೇಡವಾದ ಒಂದು ತಂಡದ ಜೊತೆ ರಾತ್ರಿ ಹನ್ನೊಂದಕ್ಕೆ ಹೋಗಿದ್ದೆ. ಪಾತ್ರೆಯ ಮುಚ್ಚಳ ತೆಗೆದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿದೆ. ಅಷ್ಟೂ ಚೆಲ್ಲಿ, ಅಂಗಡಿಯಿಂದ ಬ್ರೆಡ್ಡು ಬಾಳೆಹಣ್ಣು ತಂದು ಹಂಚಿದೆವು.

ಪಂಕ್ತಿಯ ಬಗ್ಗೆ ಮಾತಾಡುವಾಗ ಪಟಮಟದ ನಾಸ್ತಿಕ ಕೇಂದ್ರವನ್ನು ಬಿಡಲಾಗದು. ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರ ರಾವ್ ಮತ್ತು ಸರಸ್ವತಿ ಗೋರಾ ದಂಪತಿ 1940ರಲ್ಲಿ ಮುದುನೂರಿನಲ್ಲಿ ಕಟ್ಟಿ, 1947ರಲ್ಲಿ ವಿಜಯವಾಡಕ್ಕೆ ತಂದದ್ದು. ಅವರು ಹುಣ್ಣಿಮೆಯ ರಾತ್ರಿಗಳಲ್ಲಿ ಎಲ್ಲ ಜಾತಿಯವರನ್ನು ಒಂದೇ ಸಾಲಿನಲ್ಲಿ ಕೂರಿಸಿ ಉಣ್ಣುವ ಸಹಭೋಜನ ನಡೆಸುತ್ತಿದ್ದರು. ಬಡಿಸುವುದು ಸುಲಭ, ಪಕ್ಕದಲ್ಲಿ ಕೂತು ಉಣ್ಣುವುದು ಕಷ್ಟ ಎಂದು ಅವರಿಗೆ ಗೊತ್ತಿತ್ತು. ಅದೇ ಬಳಗದಿಂದ 1969ರಲ್ಲಿ ಹುಟ್ಟಿದ ವಾಸವ್ಯ ಮಹಿಳಾ ಮಂಡಳಿ ಹೆಣ್ಣುಮಕ್ಕಳ, ಮಕ್ಕಳ ಕೆಲಸ ಮಾಡುತ್ತಿದೆ. ದೇವರ ಹೆಸರಿನಲ್ಲಿ ಸೇವೆ ಮಾಡಲು ಮುಜುಗರವಿರುವವರಿಗೆ ಇದು ದಾರಿ. ದೇವರ ಹೆಸರಿನಲ್ಲೇ ಮಾಡುವವರಿಗೆ ಇಂದ್ರಕೀಲಾದ್ರಿಯ ಕನಕದುರ್ಗಮ್ಮನ ಗುಡಿಯ ಅನ್ನದಾನ ಇದೆ, ದಸರೆಯ ಹೊತ್ತಿಗೆ ಎಷ್ಟು ಕೈಗಳಿದ್ದರೂ ಸಾಲದು. ವಿಶಾಖಪಟ್ಟಣದಲ್ಲಿ ಆಷಾಢ ಹುಣ್ಣಿಮೆಗೆ ಸಿಂಹಾಚಲದ ಸುತ್ತ ಸುಮಾರು 32 ಕಿ.ಮೀ. ಗಿರಿಪ್ರದಕ್ಷಿಣೆ ನಡೆಯುತ್ತದೆ. ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಹಣ್ಣು ಕೊಡುವವರದೇ ಇನ್ನೊಂದು ಜಾತ್ರೆ.

ಮಕ್ಕಳ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ವಿಜಯವಾಡ ದೊಡ್ಡ ರೈಲು ಜಂಕ್ಷನ್, ಮನೆ ಬಿಟ್ಟ ಮಕ್ಕಳು ಇಳಿಯುವ ಜಾಗ. ಡಾನ್ ಬಾಸ್ಕೊ ಪಾದ್ರಿಗಳು ನಡೆಸುವ ನವಜೀವನ ಬಾಲಭವನದಂಥ ಸಂಸ್ಥೆಗಳು ಅವರ ಜೊತೆ ಕೆಲಸ ಮಾಡುತ್ತವೆ. ಆದರೆ ಹುಟ್ಟುಹಬ್ಬದ ಕೇಕು ಹಿಡಿದು ಅನಾಥಾಲಯಕ್ಕೆ ನುಗ್ಗಿ, ಮಕ್ಕಳ ಜೊತೆ ಫೋಟೋ ಹೊಡೆಸಿಕೊಂಡು ಬರುವುದು ಸೇವೆಯಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಂಥ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಪಾಠ ಹೇಳಿಕೊಡುವುದಾದರೆ ಕನಿಷ್ಠ ಆರು ತಿಂಗಳು ವಾರಕ್ಕೊಮ್ಮೆ ತಪ್ಪದೆ ಹೋಗುವ ಲೆಕ್ಕವಿಟ್ಟುಕೊಂಡೇ ಬಾಗಿಲು ತಟ್ಟಿ. ಬಂದು ಬಿಟ್ಟುಹೋಗುವವರನ್ನು ಆ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ 1098ಕ್ಕೆ ಕರೆ ಮಾಡಿ.

ಸಮಯ ಕಡಿಮೆ ಇರುವವರು ರಕ್ತ ಕೊಡಬಹುದು. 18ರಿಂದ 65 ವಯಸ್ಸು, 45 ಕೆ.ಜಿ. ತೂಕ, ಗಂಡಸರಿಗೆ ಮೂರು ತಿಂಗಳ, ಹೆಂಗಸರಿಗೆ ನಾಲ್ಕು ತಿಂಗಳ ಅಂತರ. ವಿಶಾಖಪಟ್ಟಣದ ಕಡಲತೀರದವರಿಗೆ ಸೆಪ್ಟೆಂಬರ್ ಮೂರನೇ ಶನಿವಾರ ಜಗತ್ತಿನಾದ್ಯಂತ ನಡೆಯುವ ತೀರ ಸ್ವಚ್ಛತಾ ದಿನ ಒಂದು ನೆಪ. ಕೈಗವಸು ನಿಮ್ಮದೇ ಇರಲಿ, ಒಡೆದ ಗಾಜು ಬಹಳ.

ಇದೆಲ್ಲ ಯಾಕೆ ಮೊದಲೇ ಕಲಿತಿರಬೇಕು ಎಂಬುದು 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಂಡಿತು. ಬುಡಮೇರು ಎಂಬ ಹಳ್ಳ ದಂಡೆ ಒಡೆದು ವಿಜಯವಾಡದ ಸಿಂಗ್ ನಗರ ಮತ್ತು ಸುತ್ತಲ ಬಡಾವಣೆಗಳಿಗೆ ನುಗ್ಗಿತು. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯುಸೆಕ್‌ಗೂ ಮೀರಿ ಕೃಷ್ಣೆ ಹರಿಯುತ್ತಿದ್ದಳು. ಜನ ದಿನಗಟ್ಟಲೆ ಮಹಡಿಗಳಲ್ಲಿ ಸಿಕ್ಕಿಬಿದ್ದರು. ಡ್ರೋನ್‌ಗಳಲ್ಲೂ ಊಟದ ಪೊಟ್ಟಣ ಕಳಿಸಿದರು. ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವವರು ಮೊದಲೇ ದೊಡ್ಡ ಒಲೆಯ ಮುಂದೆ ನಿಂತು ಗೊತ್ತಿರುವವರು, ಯಾವ ಗುಡಿಯಲ್ಲಿ ಎಷ್ಟು ದೊಡ್ಡ ಹಂಡೆ ಇದೆ ಎಂದು ಬಲ್ಲವರು. ಮುಂದೆ 2027ರಲ್ಲಿ ಗೋದಾವರಿ ಪುಷ್ಕರ, 2028ರಲ್ಲಿ ಕೃಷ್ಣಾ ಪುಷ್ಕರ ಬರುತ್ತವೆ. ಹನ್ನೆರಡು ಹನ್ನೆರಡು ದಿನದ ನದಿಸ್ನಾನದ ಹಬ್ಬ, ಜನಸಾಗರ. ಆಗ ಹೋಗಿ ನಿಲ್ಲುವ ಆಸೆಯಿದ್ದರೆ ಈ ಕಾರ್ತಿಕದ ವನಭೋಜನಕ್ಕೇ ಸೌಟು ಹಿಡಿಯಿರಿ. ನೆಲ್ಲಿಮರದ ಕೆಳಗೆ ನಾಲ್ಕೈದು ಬೀದಿಯವರು ಸೇರಿ ಅಟ್ಟು ಉಣ್ಣುವ ಆ ದಿನ ಹೊಸಬರನ್ನು ಯಾರೂ ಹೊರಗಿಡುವುದಿಲ್ಲ.

ಬಡಿಸುವವರಲ್ಲೂ ಮೇಲು-ಕೆಳಗಿನ ಮೆಟ್ಟಿಲು ಇದೆ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಿರ್ಚಿ ಕರಿಯಲು ನಿಂತವರಿಗೆ ಇದು ಗೊತ್ತು. ಹೊಸಬರಿಗೆ ಮೊದಲು ಕೊಡುವುದು ನೀರಿನ ಜಗ್ಗು. ಅದರಲ್ಲಿ ಪಾಸಾದರೆ ಉಪ್ಪು, ಉಪ್ಪಿನಕಾಯಿ. ಮರುವರ್ಷ ಅನ್ನದ ಬುಟ್ಟಿ, ಸೊಂಟ ಗಟ್ಟಿಯಿದ್ದರೆ ಸಾಂಬಾರಿನ ಬಕೆಟ್ಟು. ‘ವಡ್ಡಿಂಚೇವಾಡು ಮನವಾಡೈತೇ’ ಎಂದು ಶುರುವಾಗುವ ಗಾದೆ ತೆಲುಗಿನಲ್ಲಿದೆ: ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ. ಅದಕ್ಕಾಗಿಯೇ ಇರಬೇಕು, ತುಪ್ಪವನ್ನು ಮಾತ್ರ ಎಲ್ಲರ ಕೈಗೆ ಕೊಡುವುದಿಲ್ಲ. ಪಂಕ್ತಿಯ ಮೊದಲ ಎಲೆಗೂ ಕೊನೆಯ ಎಲೆಗೂ ಒಂದೇ ಅಳತೆ ಬೀಳಿಸಬಲ್ಲ ಹಿರಿಯರೊಬ್ಬರ ಪಾಲಿಗೆ ಅದು. ನಾನು ಈಗ ಪಪ್ಪಿನವರೆಗೆ ಬಂದಿದ್ದೇನೆ. ಮಿಳ್ಳೆ ಇನ್ನೂ ಸಿಕ್ಕಿಲ್ಲ.